ವೆಬ್ ಫ್ರೇಮ್‌ವರ್ಕುಗಳ ಉಗಮ ಮತ್ತು ಒಳರಚನೆ: ಒಂದು ಚಾರಿತ್ರಿಕ ವಿವೇಚನೆ

೧

ಕಂಪ್ಯೂಟರ್ ವಿಜ್ಞಾನವನ್ನು ಅಭ್ಯಾಸಮಾಡುವ ಈಗಿನ ವಿದ್ಯಾರ್ಥಿಯು ನಾಲ್ಕಾರು ಆಜ್ಞೆಗಳನ್ನು ಟೈಪು ಮಾಡಿದರೆ ಸಾಕು, ವೆಬ್ ತಾಣವೊಂದರ ಅಸ್ಥಿಪಂಜರ ಕಣ್ಣಮುಂದೆ ಸಿದ್ಧವಾಗಿ ನಿಲ್ಲುತ್ತದೆ. ಅದಕ್ಕೆ ಒಂದೆರಡು ಕೋಷ್ಟಕಗಳನ್ನೂ ಮೂರು ನಾಲ್ಕು ಪುಟಗಳನ್ನೂ ಸೇರಿಸಿದರೆ ಸಂಜೆಯೊಳಗಾಗಿ ತಾಣವು ನಡೆಯತೊಡಗುತ್ತದೆ. ಈ ಸೌಕರ್ಯವನ್ನು ಒದಗಿಸುವ ಸಿದ್ಧ ಚೌಕಟ್ಟಿಗೆ ವೆಬ್ ಫ್ರೇಮ್‌ವರ್ಕ್ ಎಂದು ಹೆಸರು. ಆದರೆ ಅದೇ ವಿದ್ಯಾರ್ಥಿಯನ್ನು, 'ಬ್ರೌಸರಿನಲ್ಲಿ ವಿಳಾಸವನ್ನು ಬರೆದು ಗುಂಡಿಯನ್ನು ಒತ್ತಿದ ಕ್ಷಣದಿಂದ ನೀನು ಬರೆದ ಫಂಕ್ಷನ್ ಕೆಲಸಕ್ಕೆ ತೊಡಗುವವರೆಗೆ ನಡುವೆ ನಡೆಯುವುದೇನು?' ಎಂದು ಕೇಳಿದರೆ, ಬಹುಮಟ್ಟಿಗೆ ದೊರೆಯುವ ಉತ್ತರ 'ಅದನ್ನು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ' ಎಂಬುದು. ಉತ್ತರ ಸುಳ್ಳಲ್ಲ, ಆದರೆ ಅದು ಜ್ಞಾನವೂ ಅಲ್ಲ.

ಪ್ರಕೃತ ಲೇಖನದಲ್ಲಿ ನಾವು ವಿಚಾರಮಾಡಹೊರಟಿರುವುದು ಎರಡು ವಿಷಯಗಳನ್ನು. ಈ ಚೌಕಟ್ಟುಗಳು ಹೇಗೆ ಹುಟ್ಟಿದವು, ಒಂದೊಂದು ಘಟ್ಟದಲ್ಲಿಯೂ ಯಾವ ಯಾವ ಕೆಲಸವನ್ನು ಪ್ರೋಗ್ರಾಮ್ ಬರೆಯುವವನ ಕಣ್ಣಿಂದ ಮರೆಮಾಡಿದವು ಎಂಬುದು ಮೊದಲನೆಯದು. ಹಾಗೆ ಮರೆಯಾದುದನ್ನು ಕಲಿಯುವವರು ಮತ್ತೆ ಹೇಗೆ ಕಂಡುಕೊಂಡರು ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ತೋರಿದರೂ ಮೂಲದಲ್ಲಿ ಒಂದೇ ಎಂಬುದು ನಮ್ಮ ಅಭಿಪ್ರಾಯ. ಈ ಚೌಕಟ್ಟುಗಳು ಯಾವ ಶಾಸ್ತ್ರಕಾರನೂ ಮೊದಲೇ ಯೋಚಿಸಿ ವಿಧಿಸಿದವುಗಳಲ್ಲ. ಮತ್ತೆ ಮತ್ತೆ ಮಾಡಬೇಕಾಗಿ ಬಂದ ಒಂದೇ ಬಗೆಯ ದುಡಿಮೆಯಿಂದ ಹಿಂಡಿ ತೆಗೆದವುಗಳು. ಆದಕಾರಣ ಅವುಗಳ ಚರಿತ್ರೆಯನ್ನು ಅರಿಯುವುದೇ ಅವುಗಳ ರಚನೆಯನ್ನು ಅರಿಯುವ ನೇರವಾದ ದಾರಿ.

೨

ವೆಬ್ಬಿನ ಚರಿತ್ರೆ ಜಿನೀವಾ ನಗರದ ಹೊರವಲಯದಲ್ಲಿರುವ ಸರ್ನ್ ಸಂಶೋಧನ ಸಂಸ್ಥೆಯಲ್ಲಿ ಆರಂಭವಾಗುತ್ತದೆ. ಅಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ೧೯೮೯ರ ಮಾರ್ಚಿಯಲ್ಲಿ ತಮ್ಮ ಸಲಹೆಯನ್ನು ಮುಂದಿಟ್ಟರು. ೧೯೯೦ರ ಕೊನೆಯ ಹೊತ್ತಿಗೆ ಮೊದಲ ಸರ್ವರ್ ನಡೆಯತೊಡಗಿತ್ತು. ೧೯೯೩ರ ಏಪ್ರಿಲ್ ೩೦ರಂದು ಆ ಸಂಸ್ಥೆ ವೆಬ್ಬಿನ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರ್ವಜನಿಕಗೊಳಿಸಿತು. ಮುಂದಿನ ಬೆಳವಣಿಗೆಗೆಲ್ಲ ಈ ಔದಾರ್ಯವೇ ತಳಹದಿ.

ಆ ಮೊದಲ ದಿನಗಳ ಸಂಭಾಷಣೆಯ ಸರಳತೆ ಆಶ್ಚರ್ಯಕರವಾದದ್ದು. ಎಚ್‌ಟಿಟಿಪಿ ಎಂಬ ಸಂಭಾಷಣಾ ನಿಯಮದ ಆದಿರೂಪದಲ್ಲಿ ಬ್ರೌಸರ್ ಕಳುಹಿಸುತ್ತಿದ್ದುದು ಒಂದೇ ಒಂದು ಸಾಲು: 'ಗೆಟ್' ಎಂಬ ಪದ ಮತ್ತು ಬೇಕಾದ ಕಡತದ ದಾರಿ. ಸರ್ವರ್ ಆ ಕಡತವನ್ನು ಕಳುಹಿಸಿ ಸಂಪರ್ಕವನ್ನು ಕಡಿದುಹಾಕುತ್ತಿತ್ತು. ಕೇಳಿದವನು ಯಾರು, ಮುಂಚೆ ಬಂದಿದ್ದನೇ, ಮತ್ತೆ ಬರುವನೇ ಎಂಬ ಯಾವ ನೆನಪೂ ಅದಕ್ಕಿರಲಿಲ್ಲ. ೧೯೯೬ರ ಮೇ ತಿಂಗಳಲ್ಲಿ ೧.೦ ಆವೃತ್ತಿ ದಾಖಲೆಗೊಂಡಾಗ ತಲೆಸಾಲುಗಳು, ಉತ್ತರದ ಸ್ಥಿತಿಸಂಖ್ಯೆಗಳು ಮುಂತಾದವು ಸೇರಿಕೊಂಡಿದ್ದವು. ಆದರೂ ಒಂದು ಕೋರಿಕೆ, ಒಂದು ಉತ್ತರ ಎಂಬ ಮೂಲಕ್ರಮ ಕದಲಲಿಲ್ಲ. ಈ ಮರೆಗುಳಿತನವನ್ನು ಚೆನ್ನಾಗಿ ನೆನಪಿಡಬೇಕು. ಫ್ರೇಮ್‌ವರ್ಕುಗಳು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಈ ಮರೆಗುಳಿಗೆ ನೆನಪನ್ನು ಕೊಡುವ ಕೆಲಸವೇ ಆಗಿದೆ.

ಕಡತವನ್ನು ಇದ್ದಂತೆಯೇ ಕಳುಹಿಸುವುದರ ಬದಲು, ಕೇಳಿದಾಗ ಪ್ರೋಗ್ರಾಮೊಂದನ್ನು ಓಡಿಸಿ ಅದರ ಫಲವನ್ನು ಕಳುಹಿಸಬೇಕೆಂಬ ಅಗತ್ಯ ಬೇಗನೆ ತಲೆದೋರಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ತಯಾರಾದ ಸರ್ವರಿನ ಸುತ್ತ ೧೯೯೩ರಲ್ಲಿ ರೂಪುಗೊಂಡ ಒಡಂಬಡಿಕೆಯೇ ಕಾಮನ್ ಗೇಟ್‌ವೇ ಇಂಟರ್‌ಫೇಸ್, ಸಂಕ್ಷೇಪವಾಗಿ ಸಿಜಿಐ. ಇದರ ಕ್ರಮ ಹೀಗೆ: ಕೋರಿಕೆ ಬಂದೊಡನೆ ಸರ್ವರ್ ಹೊಸ ಪ್ರೊಸೆಸ್ ಒಂದನ್ನು ಹುಟ್ಟಿಸುತ್ತದೆ. ಕೋರಿಕೆಯ ಬಗೆಯನ್ನು 'ರಿಕ್ವೆಸ್ಟ್ ಮೆಥಡ್' ಎಂಬ ಹೆಸರಿನಲ್ಲಿಯೂ, ವಿಳಾಸದ ಉಳಿದ ದಾರಿಯನ್ನು 'ಪಾತ್ ಇನ್ಫೊ' ಎಂಬ ಹೆಸರಿನಲ್ಲಿಯೂ, ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು 'ಕ್ವೆರಿ ಸ್ಟ್ರಿಂಗ್' ಎಂಬ ಹೆಸರಿನಲ್ಲಿಯೂ ಆ ಪ್ರೊಸೆಸ್ಸಿನ ಪರಿಸರದಲ್ಲಿ ಇಡುತ್ತದೆ. ಫಾರಂ ತುಂಬಿ ಕಳುಹಿಸಿದ ಮಾಹಿತಿ ಪ್ರೋಗ್ರಾಮಿನ ಇನ್‌ಪುಟ್ ದಾರಿಯಲ್ಲಿ ಬರುತ್ತದೆ. ಪ್ರೋಗ್ರಾಮು ಮುದ್ರಿಸಿದ್ದೆಲ್ಲ ಉತ್ತರವಾಗಿ ಹೊರಡುತ್ತದೆ. ಕೆಲಸ ಮುಗಿದೊಡನೆ ಪ್ರೊಸೆಸ್ ಸಾಯುತ್ತದೆ.

ಈ ಒಡಂಬಡಿಕೆಯ ಗುಣವೂ ದೋಷವೂ ಅದರ ಸರಳತೆಯೇ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದಾಗಿತ್ತು. ಬರೆದವನಿಗೆ ಆದಿಯಿಂದ ಅಂತ್ಯದವರೆಗೆ ಎಲ್ಲವೂ ಕಾಣುತ್ತಿತ್ತು. ಆದರೆ ಸಾವಿರ ಜನ ಬಂದರೆ ಸಾವಿರ ಬಾರಿ ಪ್ರೊಸೆಸ್ ಹುಟ್ಟಿ ಸಾಯಬೇಕು. ಅಲ್ಲದೆ ಪ್ರತಿಯೊಬ್ಬನೂ ಕ್ವೆರಿ ಸ್ಟ್ರಿಂಗನ್ನು ತುಂಡರಿಸುವ, ಸಂಕೇತಗಳನ್ನು ಅಕ್ಷರಗಳಾಗಿ ಬಿಡಿಸುವ ಅದೇ ಸಾಲುಗಳನ್ನು ಮತ್ತೆ ಮತ್ತೆ ಬರೆಯಬೇಕು. ಮೊದಲನೆಯ ಕೊರತೆಯನ್ನು ನೀಗಲು ೧೯೯೬ರ ಸುಮಾರಿನಲ್ಲಿ ಫಾಸ್ಟ್ ಸಿಜಿಐ, ಮಾಡ್ ಪರ್ಲ್ ಮೊದಲಾದ ಉಪಾಯಗಳು ಬಂದವು. ಎರಡನೆಯದನ್ನು ನೀಗಲು ಪರ್ಲ್ ಭಾಷೆಯಲ್ಲಿ ಲಿಂಕನ್ ಸ್ಟೈನ್ ಅವರ ಸಿಜಿಐ ಮಾಡ್ಯೂಲು ಬಂದಿತು. ಪುನರಾವರ್ತನೆಗೊಂಡ ದುಡಿಮೆಯನ್ನು ಒಂದೆಡೆ ಸಂಗ್ರಹಿಸಿಡುವ ಪ್ರವೃತ್ತಿಯ ಮೊದಲ ಸ್ಪಷ್ಟ ನಿದರ್ಶನಗಳಲ್ಲಿ ಇದೊಂದು.

೩

೧೯೯೪ರಲ್ಲಿ ಎರಡು ಮುಖ್ಯ ಘಟನೆಗಳು ನಡೆದವು. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ 'ಕುಕೀ' ಎಂಬ ಉಪಾಯವನ್ನು ರೂಪಿಸಿದರು. ಸರ್ವರು ಕೊಟ್ಟ ಒಂದು ಚಿಕ್ಕ ಗುರುತನ್ನು ಬ್ರೌಸರ್ ಜೋಪಾನವಾಗಿಟ್ಟುಕೊಂಡು ಮುಂದಿನ ಪ್ರತಿ ಕೋರಿಕೆಯ ಜೊತೆಗೂ ಹಿಂದಿರುಗಿಸುವುದೇ ಇದರ ತಿರುಳು. ಮರೆಗುಳಿಯಾದ ಸರ್ವರಿಗೆ ಹೀಗೆ ನೆನಪು ಬಂದಿತು. ಅದೇ ವರ್ಷ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕಾಗಿ ಸಿ ಭಾಷೆಯಲ್ಲಿ ಕೆಲವು ಸಿಜಿಐ ಪ್ರೋಗ್ರಾಮುಗಳನ್ನು ಬರೆದುಕೊಂಡರು. ೧೯೯೫ರ ಜೂನ್ ೮ರಂದು ಅವನ್ನು ಎಲ್ಲರಿಗೂ ತೆರೆದಿಟ್ಟರು. 'ಪರ್ಸನಲ್ ಹೋಮ್ ಪೇಜ್' ಎಂಬ ಮನೆಮಾತಿನ ಹೆಸರಿನಿಂದ ಹುಟ್ಟಿದ ಆ ಸಾಧನಗಳೇ ಮುಂದೆ ಪಿಎಚ್‌ಪಿ ಭಾಷೆಯಾಗಿ ಬೆಳೆದವು. ಒಬ್ಬ ವ್ಯಕ್ತಿಯ ಸ್ವಂತ ಅಗತ್ಯ, ಅದಕ್ಕಾಗಿ ಬರೆದುಕೊಂಡ ಉಪಕರಣ, ಅದನ್ನು ಇತರರಿಗೆ ಹಂಚಿದುದು ಎಂಬ ಈ ಮೂರು ಹೆಜ್ಜೆಗಳ ಕ್ರಮ ಮುಂದಿನ ಚರಿತ್ರೆಯುದ್ದಕ್ಕೂ ಮರುಕಳಿಸುವುದನ್ನು ನಾವು ಕಾಣುತ್ತೇವೆ.

ಆ ಕಾಲದಲ್ಲಿ ಕಲಿಕೆ ಎಂದರೆ ಬಹುಮಟ್ಟಿಗೆ ಇತರರ ಪ್ರೋಗ್ರಾಮನ್ನು ಓದುವುದು ಮತ್ತು ನಕಲುಮಾಡುವುದು. ನಕಲಿನಿಂದ ಕಲಿತವರು ಅನೇಕರು. ಕಲಿಯದೆ ನಕಲಿಸಿದವರು ಇನ್ನೂ ಅನೇಕರು. 'ಫಾರಂಮೇಲ್' ಎಂಬ ಪ್ರಸಿದ್ಧ ಪರ್ಲ್ ಪ್ರೋಗ್ರಾಮು ಅಸಂಖ್ಯ ತಾಣಗಳಲ್ಲಿ ನೆಲೆಸಿತು. ಓದುಗರ ಅಭಿಪ್ರಾಯವನ್ನು ಅಂಚೆಯ ಮೂಲಕ ತಲಪಿಸಲೆಂದು ಬರೆದ ಅದನ್ನು ದುರುಳರು ಬೇಡದ ಅಂಚೆಯನ್ನು ಹಂಚುವ ಯಂತ್ರವಾಗಿ ಮಾಡಿಕೊಂಡರು. ೧೯೯೮ರ ಡಿಸೆಂಬರಿನಲ್ಲಿ 'ಫ್ರ್ಯಾಕ್' ಪತ್ರಿಕೆಯ ಒಂದು ಲೇಖನ ಇನ್ನೊಂದು ಅಪಾಯವನ್ನು ಬಯಲಿಗೆ ತಂದಿತು. ಬಂದವನು ಫಾರಂನಲ್ಲಿ ಬರೆದ ಮಾತನ್ನು ಹಾಗೆಯೇ ಡೇಟಾಬೇಸಿನ ಆಜ್ಞೆಯೊಳಕ್ಕೆ ಪೋಣಿಸಿದರೆ, ಅವನು ಒಂದು ಉದ್ಧರಣ ಚಿಹ್ನೆಯನ್ನು ಹಾಕಿ ಮಾತನ್ನು ಮುಗಿಸಿ, ಅದರ ಮುಂದೆ ತನ್ನದೇ ಆಜ್ಞೆಯನ್ನು ಸೇರಿಸಿಬಿಡಬಹುದು. ಇದೇ ಮುಂದೆ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಹೆಸರಾಯಿತು. ಮಾತು ಯಾವುದು, ಆಜ್ಞೆ ಯಾವುದು ಎಂಬ ವಿವೇಕವನ್ನು ಪ್ರತಿಯೊಬ್ಬನ ಎಚ್ಚರಿಕೆಗೆ ಬಿಟ್ಟರೆ ಸಾಲದು, ಅದನ್ನು ಉಪಕರಣದಲ್ಲಿಯೇ ಅಡಕಮಾಡಬೇಕು ಎಂಬ ಅರಿವು ಇಂಥ ಪೆಟ್ಟುಗಳಿಂದ ಬಲಿಯಿತು. ಫ್ರೇಮ್‌ವರ್ಕುಗಳಿಗೆ ಎಡೆಮಾಡಿದ ಕಾರಣಗಳಲ್ಲಿ ಶ್ರಮದ ಉಳಿತಾಯದಷ್ಟೇ ಈ ಭಯವೂ ಮುಖ್ಯವಾದುದು.

೪

ವೆಬ್ ಫ್ರೇಮ್‌ವರ್ಕುಗಳ ಮೂಲವನ್ನು ಕುರಿತು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಕಂಡುಬರುತ್ತದೆ: ಇವೆಲ್ಲವೂ 'ಮಾಡೆಲ್, ವ್ಯೂ, ಕಂಟ್ರೋಲರ್' ಎಂಬ ತತ್ತ್ವದಿಂದ ಹುಟ್ಟಿದವು ಎಂದು. ಈ ಮಾತನ್ನು ಕೊಂಚ ಪರಿಶೀಲಿಸಬೇಕಾಗಿದೆ.

ಈ ತತ್ತ್ವವನ್ನು ನಿರೂಪಿಸಿದವರು ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕೌಗ್. ಅವರು ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅತಿಥಿಯಾಗಿದ್ದಾಗ ೧೯೭೯ರಲ್ಲಿ ಬರೆದ ಟಿಪ್ಪಣಿಗಳಲ್ಲಿ ಇದು ರೂಪುಗೊಂಡಿತು. ವೆಬ್ ಇನ್ನೂ ಹುಟ್ಟಿರಲಿಲ್ಲ. ಅವರ ಕಲ್ಪನೆಯಲ್ಲಿ ಮಾಡೆಲ್ ಎಂದರೆ ವಿಷಯದ ಜ್ಞಾನ. ವ್ಯೂ ಎಂದರೆ ತೆರೆಯ ಮೇಲೆ ಅದರ ತೋರಿಕೆ. ಮಾಡೆಲ್ ಬದಲಾದೊಡನೆ ವ್ಯೂ ತಾನೂ ಬದಲಾಗಬೇಕು. ಎರಡೂ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ಬದುಕಿರುತ್ತವೆ. ವೆಬ್ಬಿನಲ್ಲಾದರೋ ಉತ್ತರವನ್ನು ಕಳುಹಿಸಿದ ಮೇಲೆ ಸರ್ವರಿಗೂ ಆ ಪುಟಕ್ಕೂ ಸಂಬಂಧ ಕಡಿದುಹೋಗುತ್ತದೆ. ೨೦೦೦ದಲ್ಲಿ ಅಪಾಚೆ ಸಂಸ್ಥೆಯ ಆಶ್ರಯದಲ್ಲಿ ಬೆಳಕಿಗೆ ಬಂದ ಜಾವಾ ಭಾಷೆಯ 'ಸ್ಟ್ರಟ್ಸ್' ಮೊದಲಾದವು ಈ ಹೆಸರನ್ನು ಎತ್ತಿಕೊಂಡಾಗ ಪದಗಳು ಉಳಿದವು, ಅರ್ಥ ಬದಲಾಯಿತು. ಜ್ಯಾಂಗೊ ಚೌಕಟ್ಟಿನ ಕರ್ತೃಗಳಂತೂ ತಮ್ಮ ವಿಭಾಗಗಳನ್ನು 'ಮಾಡೆಲ್, ಟೆಂಪ್ಲೇಟ್, ವ್ಯೂ' ಎಂದು ಕರೆದರು. ಇತರರು ಕಂಟ್ರೋಲರ್ ಎನ್ನುವುದರ ಕೆಲಸದಲ್ಲಿ ಬಹುಪಾಲನ್ನು ಅವರು ವ್ಯೂ ಎಂಬ ಹೆಸರಿನ ಕೆಳಗೆ ತಂದರು. ಇದರಿಂದ ವಿದಿತವಾಗುವುದೇನೆಂದರೆ, ತತ್ತ್ವವು ಈ ರಚನೆಗಳಿಗೆ ಪರಿಭಾಷೆಯನ್ನು ಕೊಟ್ಟಿತೇ ಹೊರತು ಜನ್ಮವನ್ನು ಕೊಡಲಿಲ್ಲ. ಜನ್ಮಸ್ಥಾನವನ್ನು ಬೇರೆಡೆ ಹುಡುಕಬೇಕು.

ಹುಡುಕಿದರೆ ದೊರೆಯುವ ಸ್ಥಳಗಳಲ್ಲೊಂದು ವೃತ್ತಪತ್ರಿಕೆಯ ಕಚೇರಿ. ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನಲ್ಲಿ 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ಪತ್ರಿಕೆಯ ವೆಬ್ ವಿಭಾಗವಿತ್ತು. ೨೦೦೩ರ ಶರತ್ಕಾಲದಲ್ಲಿ ಅಲ್ಲಿಯ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಪಿಎಚ್‌ಪಿಯನ್ನು ಬಿಟ್ಟು ಪೈಥಾನ್ ಭಾಷೆಯಲ್ಲಿ ತಾಣಗಳನ್ನು ಕಟ್ಟತೊಡಗಿದರು. ಪತ್ರಿಕೆಯ ಗಡುವು ಯಾರಿಗೂ ಕಾಯುವುದಿಲ್ಲ. ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಹೊಸ ತಾಣ ನಿಲ್ಲಬೇಕು. ಸುದ್ದಿಯನ್ನು ಒಳಗೆ ತುಂಬುವವರು ಪ್ರೋಗ್ರಾಮ್ ಬಲ್ಲವರಲ್ಲ, ಸಂಪಾದಕರು. ಅವರಿಗಾಗಿ ಪ್ರತಿ ಸಾರಿಯೂ ಒಂದು ಆಡಳಿತದ ಪುಟ ಬೇಕು. ಹೀಗೆ ಮತ್ತೆ ಮತ್ತೆ ಕಟ್ಟಿದುದರಲ್ಲಿ ಸಮಾನವಾದ ಅಂಶವನ್ನು ಬೇರ್ಪಡಿಸಿ ೨೦೦೫ರ ಜುಲೈಯಲ್ಲಿ ಲೋಕಕ್ಕೆ ಕೊಟ್ಟರು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಜ್ಯಾಂಗೊ ಜೊತೆಯಲ್ಲಿ ತಾನಾಗಿಯೇ ದೊರೆಯುವ ಆಡಳಿತದ ಪುಟ ಇಂದಿಗೂ ಆ ಸಂಪಾದಕರ ಕುರುಹನ್ನು ಹೊತ್ತು ನಿಂತಿದೆ.

ಮತ್ತೊಂದು ಜನ್ಮಸ್ಥಾನ ಒಂದು ಸಣ್ಣ ಕಂಪನಿ. 'ಬೇಸ್‌ಕ್ಯಾಂಪ್' ಎಂಬ ಕಾರ್ಯನಿರ್ವಹಣ ಸಾಧನವನ್ನು ಕಟ್ಟಿದ ಡೇವಿಡ್ ಹೈನೆಮಿಯರ್ ಹಾನ್ಸನ್, ಅದರೊಳಗಿಂದ ಸಾಮಾನ್ಯವಾದ ಭಾಗವನ್ನು ಬಿಡಿಸಿ ತೆಗೆದು ೨೦೦೪ರ ಜುಲೈಯಲ್ಲಿ 'ರೂಬಿ ಆನ್ ರೇಲ್ಸ್' ಎಂದು ಪ್ರಕಟಿಸಿದರು. ಹೆಸರಿಡುವುದರಲ್ಲಿ ಒಂದು ಸಂಪ್ರದಾಯವನ್ನು ಪಾಲಿಸಿದರೆ ಬೇರೆ ವಿವರಣೆ ಬೇಡ ಎಂಬುದು ಅದರ ಮುಖ್ಯ ಸೂತ್ರ. ವರ್ಗದ ಹೆಸರಿನಿಂದ ಕೋಷ್ಟಕದ ಹೆಸರನ್ನೂ ಕಡತದ ಸ್ಥಾನವನ್ನೂ ಅದು ತಾನೇ ಊಹಿಸಿಕೊಳ್ಳುತ್ತದೆ. ದಿನಚರಿಯ ತಾಣವೊಂದನ್ನು ೧೫ ನಿಮಿಷಗಳಲ್ಲಿ ಕಟ್ಟಿ ತೋರಿಸಿದ ಅವರ ೨೦೦೫ರ ಪ್ರಾತ್ಯಕ್ಷಿಕೆಯನ್ನು ನೋಡಿದವರು ಬೆರಗಾದರು. ಆದರೆ ಬೆರಗು ತಿಳಿವಳಿಕೆಯಲ್ಲ. ಕಣ್ಣಿಗೆ ಕಾಣದ ಸಂಪ್ರದಾಯವನ್ನು ಬಲ್ಲವನಿಗೆ ಅದು ವಾಹನವಾದರೆ ಅರಿಯದವನಿಗೆ ಇಂದ್ರಜಾಲವಾಯಿತು. ಈ ಅವಸ್ಥೆಯನ್ನು ಪ್ರೋಗ್ರಾಮರುಗಳು ತಮ್ಮ ಮಾತಿನಲ್ಲಿ 'ಮ್ಯಾಜಿಕ್' ಎಂದೇ ಕರೆಯುವುದು ರೂಢಿ.

೫

ಈ ಇಂದ್ರಜಾಲದ ತೆರೆಯನ್ನು ಸರಿಸಿ ನೋಡಲು ಅನುಕೂಲವಾದ ಒಂದು ಸಂದು ಇದೆ. ಪೈಥಾನ್ ಭಾಷೆಯಲ್ಲಿ ಆ ಹೊತ್ತಿಗೆ ಜೋಪ್, ಕ್ವಿಕ್ಸಾಟ್, ವೆಬ್‌ವೇರ್, ಟ್ವಿಸ್ಟೆಡ್ ವೆಬ್ ಮುಂತಾದ ಅನೇಕ ಚೌಕಟ್ಟುಗಳು ಬೆಳೆದಿದ್ದವು. ಚೌಕಟ್ಟನ್ನು ಆರಿಸಿಕೊಂಡರೆ ಸರ್ವರಿನ ಆಯ್ಕೆ ಕುಗ್ಗುತ್ತಿತ್ತು. ಸರ್ವರನ್ನು ಆರಿಸಿಕೊಂಡರೆ ಚೌಕಟ್ಟಿನ ಆಯ್ಕೆ ಕುಗ್ಗುತ್ತಿತ್ತು. ಇದನ್ನು ಪರಿಹರಿಸಲು ಫಿಲಿಪ್ ಜೆ. ಈಬಿ ೨೦೦೩ರ ಡಿಸೆಂಬರಿನಲ್ಲಿ ಒಂದು ಕರಾರಿನ ಕರಡನ್ನು ಮುಂದಿಟ್ಟರು. ಪೈಥಾನಿನ ಸುಧಾರಣಾ ಪ್ರಸ್ತಾವಗಳಲ್ಲಿ ೩೩೩ನೆಯದಾದ ಇದಕ್ಕೆ ಡಬ್ಲ್ಯುಎಸ್‌ಜಿಐ ಎಂದು ಹೆಸರು.

ಅದರ ವಿಧಿ ಇಷ್ಟೇ: ವೆಬ್ ತಾಣವೆಂದರೆ ಒಂದು ಫಂಕ್ಷನ್. ಸರ್ವರ್ ಅದಕ್ಕೆ ಎರಡು ವಸ್ತುಗಳನ್ನು ಕೊಡುತ್ತದೆ: ಕೋರಿಕೆಯ ವಿವರಗಳನ್ನೆಲ್ಲ ಹೆಸರು ಮತ್ತು ಬೆಲೆಗಳ ಜೋಡಿಯಾಗಿ ಒಳಗೊಂಡ ಒಂದು ನಿಘಂಟು, ಉತ್ತರದ ಸ್ಥಿತಿಯನ್ನೂ ತಲೆಸಾಲುಗಳನ್ನೂ ತಿಳಿಸಲು ಕರೆಯಬೇಕಾದ ಇನ್ನೊಂದು ಫಂಕ್ಷನ್. ತಾಣವು ಉತ್ತರದ ಒಡಲನ್ನು ತುಣುಕುಗಳ ಸಾಲಾಗಿ ಹಿಂದಿರುಗಿಸುತ್ತದೆ. ಇಷ್ಟನ್ನು ಪಾಲಿಸಿದ ಯಾವ ತಾಣವಾದರೂ, ಇಷ್ಟನ್ನು ಬಲ್ಲ ಯಾವ ಸರ್ವರಿನ ಹಿಂದಾದರೂ ನಿಲ್ಲಬಹುದು. ಒಂದು ಫಂಕ್ಷನನ್ನು ಮತ್ತೊಂದರೊಳಗೆ ಸುತ್ತಿಟ್ಟರೆ, ಕೋರಿಕೆ ಒಳಹೋಗುವಾಗಲೂ ಉತ್ತರ ಹೊರಬರುವಾಗಲೂ ತಡೆದು ಪರೀಕ್ಷಿಸುವ ಮಧ್ಯವರ್ತಿಗಳು ಸಿದ್ಧವಾಗುತ್ತವೆ. ೨೦೦೭ರಲ್ಲಿ ರೂಬಿ ಭಾಷೆಯಲ್ಲಿ 'ರ್‍ಯಾಕ್' ಎಂಬ ಇದೇ ಬಗೆಯ ಕರಾರು ಬಂದಿತು. ಜ್ಯಾಂಗೊವಿನ ಎಷ್ಟೋ ಸಾವಿರ ಸಾಲುಗಳ ನಡುವೆ ಡಬ್ಲ್ಯುಎಸ್‌ಜಿಐ ಹ್ಯಾಂಡ್ಲರ್ ಎಂಬ ಸಣ್ಣ ವರ್ಗವೊಂದಿದೆ; ಸರ್ವರಿನಿಂದ ಬಂದ ಕೋರಿಕೆ ಈ ಸಂದಿನಲ್ಲಿಯೇ ಒಳಗೆ ಕಾಲಿಡುತ್ತದೆ.

ಇಲ್ಲಿ ಚರಿತ್ರಕಾರನ ಕಣ್ಣಿಗೆ ಬೀಳುವ ಒಂದು ಸಾಕ್ಷ್ಯವನ್ನು ಹೇಳಲೇಬೇಕು. ಆ ನಿಘಂಟಿನಲ್ಲಿರುವ ಹೆಸರುಗಳಾವುವು? ರಿಕ್ವೆಸ್ಟ್ ಮೆಥಡ್, ಪಾತ್ ಇನ್ಫೊ, ಕ್ವೆರಿ ಸ್ಟ್ರಿಂಗ್. ಸಿಜಿಐ ಒಡಂಬಡಿಕೆ ಪ್ರೊಸೆಸ್ಸಿನ ಪರಿಸರದಲ್ಲಿ ಇಟ್ಟ ಹೆಸರುಗಳೇ ಅಕ್ಷರಶಃ ಇಲ್ಲಿವೆ, ರ್‍ಯಾಕಿನಲ್ಲಿಯೂ ಇವೆ. ಬ್ರೌಸರ್ ಕಳುಹಿಸಿದ ತಲೆಸಾಲುಗಳ ಹೆಸರಿನ ಹಿಂದೆ ಎಚ್‌ಟಿಟಿಪಿ ಎಂಬ ಅಕ್ಷರಗಳನ್ನು ಸೇರಿಸುವ ಪದ್ಧತಿಯೂ ಅಂದಿನದೇ. ರಾಜ್ಯಗಳು ಬದಲಾದರೂ ಊರುಗಳ ಹಳೆಯ ಹೆಸರುಗಳು ಉಳಿದು ಚರಿತ್ರೆಗೆ ಸಾಕ್ಷಿ ನುಡಿಯುವಂತೆ, ಈ ಹೆಸರುಗಳು ಹೊಸ ಚೌಕಟ್ಟುಗಳ ವಂಶವನ್ನು ತೋರಿಸಿಕೊಡುತ್ತವೆ. ೨೦೨೪ರ ಅಕ್ಟೋಬರಿನಲ್ಲಿ ಪ್ರಕಟವಾದ ಪೈಥಾನಿನ ೩.೧೩ನೆಯ ಆವೃತ್ತಿಯಲ್ಲಿ ಹಳೆಯ ಸಿಜಿಐ ಮಾಡ್ಯೂಲನ್ನು ತೆಗೆದುಹಾಕಿದರು. ಮಾಡ್ಯೂಲು ಹೋಯಿತು, ಹೆಸರುಗಳು ಹೋಗಲಿಲ್ಲ. ಹೊಸ ಚೌಕಟ್ಟನ್ನು ಅರಿಯಲು ಹಳೆಯ ಸಿಜಿಐ ಕ್ರಮವನ್ನು ಓದುವುದು ವ್ಯರ್ಥವೆನ್ನುವವರಿಗೆ ಇದೇ ನಮ್ಮ ಉತ್ತರ.

೬

ಒಳರಚನೆಯ ಅರಿವಿಲ್ಲದಿದ್ದರೆ ಆಗುವ ನಷ್ಟವೇನು? ವಾಹನವನ್ನು ಓಡಿಸುವವರೆಲ್ಲ ಎಂಜಿನ್ನನ್ನು ಬಿಚ್ಚಿ ನೋಡಬೇಕೇ ಎಂಬ ಆಕ್ಷೇಪಣೆ ಸಹಜವಾದುದು. ಇದಕ್ಕೆ ತರ್ಕದಿಂದ ಉತ್ತರಿಸುವುದಕ್ಕಿಂತ ನಡೆದ ಸಂಗತಿಯೊಂದನ್ನು ನೋಡುವುದು ಮೇಲು.

ರೇಲ್ಸ್ ಚೌಕಟ್ಟಿನಲ್ಲಿ ಒಂದು ಸೌಕರ್ಯವಿತ್ತು. ಫಾರಂನಲ್ಲಿ ಬಂದ ಎಲ್ಲ ಅಂಶಗಳನ್ನು ಒಂದೇ ಸಾಲಿನ ಪ್ರೋಗ್ರಾಮಿನಿಂದ ದಾಖಲೆಯ ಆಯಾ ಅಂಕಣಗಳಿಗೆ ತುಂಬಿಬಿಡಬಹುದಾಗಿತ್ತು. ಆದರೆ ಫಾರಂನಲ್ಲಿ ಏನಿರಬೇಕೆಂಬುದನ್ನು ಕೊನೆಯಲ್ಲಿ ನಿರ್ಧರಿಸುವವನು ಕಳುಹಿಸುವವನೇ ಹೊರತು ಪುಟವನ್ನು ಬರೆದವನಲ್ಲ. ಎಚ್‌ಟಿಟಿಪಿಯ ಕೋರಿಕೆಯನ್ನು ಕೈಯಾರೆ ಬರೆದು ನೋಡಿದವರಿಗೆ ಇದು ಗೊತ್ತು. ಬ್ರೌಸರಿನಲ್ಲಿ ಕಾಣದ ಅಂಶವೊಂದನ್ನು ಸೇರಿಸಿ ಕಳುಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತರುಣ ಪ್ರೋಗ್ರಾಮರ್ ಒಬ್ಬನು ಈ ಅಪಾಯವನ್ನು ರೇಲ್ಸ್ ನಿರ್ವಾಹಕರ ಗಮನಕ್ಕೆ ತಂದನು. ಇದನ್ನು ತಡೆಯುವ ಹೊಣೆ ತಾಣವನ್ನು ಬರೆಯುವವರದೇ ಎಂಬ ಧೋರಣೆಯಿಂದ ಅವನ ಮಾತಿಗೆ ಮೊದಲು ಮನ್ನಣೆ ದೊರೆಯಲಿಲ್ಲ. ೨೦೧೨ರ ಮಾರ್ಚ್ ೪ರಂದು ಅವನು, ರೇಲ್ಸ್‌ನಲ್ಲಿಯೇ ಕಟ್ಟಲ್ಪಟ್ಟಿದ್ದ ಗಿಟ್‌ಹಬ್ ತಾಣದ ಫಾರಂಗೆ ಒಂದು ಹೆಚ್ಚಿನ ಅಂಶವನ್ನು ಸೇರಿಸಿ ಕಳುಹಿಸಿ, ತನ್ನ ಕೀಲಿಯನ್ನು ರೇಲ್ಸ್ ಯೋಜನೆಯ ಹೆಸರಿಗೆ ದಾಖಲಿಸಿದನು. ಆ ಕೀಲಿಯಿಂದ ರೇಲ್ಸ್‌ನ ಸೋರ್ಸ್ ಕೋಡಿನ ಭಂಡಾರಕ್ಕೇ ಒಂದು ಕಡತವನ್ನು ಸೇರಿಸಿ ತೋರಿಸಿದನು. ಅನಂತರ ರೇಲ್ಸ್‌ನ ಕ್ರಮ ಬದಲಾಯಿತು. ೨೦೧೩ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ, ಯಾವ ಅಂಶಗಳನ್ನು ಸ್ವೀಕರಿಸಬಹುದೆಂದು ಪ್ರೋಗ್ರಾಮರನೇ ಬಿಡಿಬಿಡಿಯಾಗಿ ಹೇಳುವುದು ವಿಧಿಯಾಯಿತು.

ಈ ಘಟನೆಯಲ್ಲಿ ಎಡವಿದವರು ಅನನುಭವಿಗಳಲ್ಲ. ಆ ಚೌಕಟ್ಟನ್ನು ಚೆನ್ನಾಗಿ ಬಲ್ಲವರೇ. ಹೀಗಿರಲು, ಸೌಕರ್ಯವು ಒಂದು ಸಾಲಿನಲ್ಲಿ ಏನನ್ನು ಅಡಗಿಸಿದೆ ಎಂಬುದನ್ನು ಎಂದೂ ಕೇಳದ ವಿದ್ಯಾರ್ಥಿ ನಾಳೆ ಆಸ್ಪತ್ರೆಯ, ಬ್ಯಾಂಕಿನ, ಪರೀಕ್ಷಾ ಮಂಡಲಿಯ ದಾಖಲೆಗಳನ್ನು ಕಾಯುವ ತಾಣವನ್ನು ಕಟ್ಟುವನೆಂಬುದನ್ನು ಅಧ್ಯಾಪಕರಾದ ನಾವು ಮರೆಯಬಾರದು. ವಾಹನದ ಉಪಮೆ ಇಲ್ಲಿ ಹೊಂದುವುದಿಲ್ಲ. ನಮ್ಮ ವಿದ್ಯಾರ್ಥಿಗಳು ವಾಹನವನ್ನು ಓಡಿಸುವವರಲ್ಲ. ಇತರರು ಏರಿ ಹೋಗುವ ವಾಹನವನ್ನು ಕಟ್ಟುವವರು.

೭

ಮರೆಯಾದುದನ್ನು ಮತ್ತೆ ಕಾಣುವ ಬಗೆ ಯಾವುದು? ಇದಕ್ಕೂ ಚರಿತ್ರೆಯಲ್ಲಿ ಮಾದರಿಯುಂಟು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ೧೯೭೦ರ ದಶಕದ ಮಧ್ಯಭಾಗದಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಯುನಿಕ್ಸ್ ಆರನೆಯ ಆವೃತ್ತಿಯ ತಿರುಳಿನ ಸುಮಾರು ೯,೦೦೦ ಸಾಲುಗಳನ್ನು ಅಚ್ಚುಮಾಡಿಸಿ, ಅದಕ್ಕೆ ವ್ಯಾಖ್ಯಾನವನ್ನು ಬರೆದರು. ಸೂತ್ರಕ್ಕೆ ಭಾಷ್ಯವಿದ್ದಂತೆ, ಪ್ರೋಗ್ರಾಮಿಗೂ ಭಾಷ್ಯವಿರಬಹುದೆಂದು ಅದು ತೋರಿಸಿತು. ೧೯೭೯ರಲ್ಲಿ ಏಳನೆಯ ಆವೃತ್ತಿ ಬಂದಾಗ ಅದರ ಪರವಾನಗಿ ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠಹೇಳುವುದನ್ನು ನಿಷೇಧಿಸಿತು. ಲಯನ್ಸರ ಪುಸ್ತಕ ನಕಲಿನ ನಕಲಾಗಿ ಕೈಯಿಂದ ಕೈಗೆ ಸಾಗಿತು. ಬಹಿರಂಗವಾಗಿ ಪ್ರಕಟವಾದದ್ದು ೧೯೯೬ರಲ್ಲಿ. ಆ ನಿಷೇಧದ ಫಲವಾಗಿಯೇ ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟ್ಯಾನೆನ್‌ಬಾಮ್ ಪಾಠಕ್ಕೆ ಒದಗುವ ಸಣ್ಣ ಮಿನಿಕ್ಸನ್ನು ತಾವೇ ರಚಿಸಿ ೧೯೮೭ರಲ್ಲಿ ತಮ್ಮ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಓದಿ ವ್ಯಾಖ್ಯಾನಿಸುವುದು ಒಂದು ಮಾರ್ಗ, ಚಿಕ್ಕದಾಗಿ ಮರಳಿ ಕಟ್ಟುವುದು ಇನ್ನೊಂದು ಮಾರ್ಗ ಎಂಬ ಎರಡು ಪರಂಪರೆಗಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ವೆಬ್ಬಿನ ಕ್ಷೇತ್ರದಲ್ಲಿ ಈ ಎರಡನೆಯ ಮಾರ್ಗದ ಸೊಗಸಾದ ನಿದರ್ಶನ ೨೦೧೦ರ ಏಪ್ರಿಲ್ ೧ರದು. ಒಂದೇ ಕಡತದ ಪುಟ್ಟ ಚೌಕಟ್ಟುಗಳನ್ನು ಬರೆಯುವ ಅಂದಿನ ಹುಚ್ಚನ್ನು ಅಣಕಿಸಲು ಆರ್ಮಿನ್ ರೋನಾಕರ್ ಮೂರ್ಖರ ದಿನದಂದು ಒಂದು ಚೌಕಟ್ಟನ್ನು ವಿನೋದಕ್ಕಾಗಿ ಪ್ರಕಟಿಸಿದರು. ತಾವು ಮುಂಚೆಯೇ ಬರೆದಿದ್ದ ಎರಡು ಗ್ರಂಥಾಲಯಗಳನ್ನು ಅದರೊಳಗೆ ಅಡಗಿಸಿಟ್ಟಿದ್ದರು. ಜನ ಅದನ್ನು ನಿಜವೆಂದೇ ನಂಬಿ ಮೆಚ್ಚಿದರು. ಅದರಿಂದ ಪ್ರೇರಿತರಾಗಿ ಅದೇ ತಿಂಗಳಲ್ಲಿ ಅವರು ಪ್ರಕಟಿಸಿದುದೇ 'ಫ್ಲಾಸ್ಕ್'. ಅದರ ಮೊದಲ ಆವೃತ್ತಿ ಒಂದೇ ಕಡತದಲ್ಲಿದ್ದು, ಒಂದೇ ಕೂಟಿನಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ೨೦೧೬ರಲ್ಲಿ ಪ್ರಕಟವಾದ '೫೦೦ ಲೈನ್ಸ್ ಆರ್ ಲೆಸ್' ಎಂಬ ಸಂಕಲನವು ಸರಳ ವೆಬ್ ಸರ್ವರ್, ಟೆಂಪ್ಲೇಟ್ ಯಂತ್ರ ಮುಂತಾದವನ್ನು ೫೦೦ ಸಾಲುಗಳ ಮಿತಿಯೊಳಗೆ ಬರೆದು ವಿವರಿಸಿದೆ. ಇವಲ್ಲದೆ ಪ್ರಪಂಚದ ನಾನಾ ಕಡೆಗಳಲ್ಲಿ ಪ್ರೋಗ್ರಾಮರುಗಳು ತಾವು ಕಲಿಯುತ್ತ ಬರೆದಿಟ್ಟ ಟಿಪ್ಪಣಿಗಳೂ ಉಂಟು. ಪಂಡಿತನ ಗ್ರಂಥದಲ್ಲಿ ದೊರೆಯದ ಒಂದು ಗುಣ ಇವುಗಳಲ್ಲಿದೆ: ಎಲ್ಲಿ ತಪ್ಪಿದೆ, ಯಾವ ಊಹೆ ಸುಳ್ಳಾಯಿತು ಎಂಬುದನ್ನು ಬರೆದವರು ಮರೆಯುವ ಮುನ್ನವೇ ದಾಖಲಿಸಿರುತ್ತಾರೆ. ಬಲ್ಲವನು ತಾನು ಅರಿಯದೆ ಇದ್ದ ಕಾಲವನ್ನು ಬೇಗನೆ ಮರೆಯುತ್ತಾನೆ; ಆದುದರಿಂದ ಕಲಿಕೆಯ ಚರಿತ್ರೆಗೆ ಕಲಿಯುವವನ ಬರಹವೇ ಮುಖ್ಯ ಆಕರ.

ನಮ್ಮ ನಾಡಿಗೂ ಈ ಚರಿತ್ರೆಗೂ ಸಂಬಂಧವಿಲ್ಲದಿಲ್ಲ. ಭಾರತದ ಮೊದಲ ಪೈಕಾನ್ ಸಮ್ಮೇಳನ ೨೦೦೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ನಡೆಯಿತು. ಜ್ಯಾಂಗೊವಿನ ಸೋರ್ಸ್ ಕೋಡಿನೊಳಗೆ ಲೋಕದ ಇತರ ಭಾಷೆಗಳ ಸಾಲಿನಲ್ಲಿ ಕನ್ನಡ ಅನುವಾದದ ಕಡತಗಳೂ ಸೇರಿವೆ. ಆ ಭಂಡಾರದ ಬಾಗಿಲು ನಮಗೂ ತೆರೆದಿದೆ. ೧೯೭೯ರ ಪರವಾನಗಿಯಂಥ ತಡೆ ಅದಕ್ಕಿಲ್ಲ. ಒಳಗೆ ಹೋಗದಿದ್ದರೆ ತಪ್ಪು ನಮ್ಮದೇ.

೮

ಮೇಲಿನ ವಿವೇಚನೆಯಿಂದ ನಮ್ಮ ಕಾಲೇಜುಗಳ ಪಾಠಕ್ರಮಕ್ಕೆ ಒಂದು ಸೂಚನೆಯನ್ನು ಮಾಡಬಹುದು. ವಿದ್ಯಾರ್ಥಿಗೆ ಚೌಕಟ್ಟನ್ನು ಕೊಡುವ ಮುನ್ನ ಚರಿತ್ರೆಯ ಹೆಜ್ಜೆಗಳನ್ನು ಕ್ರಮವಾಗಿ ನಡೆಯಗೊಡಬೇಕು. ಮೊದಲು ಸರ್ವರಿಗೆ ನೇರವಾಗಿ ಸಂಪರ್ಕ ಕಟ್ಟಿ ಎಚ್‌ಟಿಟಿಪಿ ಕೋರಿಕೆಯನ್ನು ಕೈಯಾರೆ ಟೈಪುಮಾಡಿ, ಬಂದ ಉತ್ತರವನ್ನು ಬರಿಗಣ್ಣಿನಿಂದ ಓದಲಿ. ಎರಡನೆಯದಾಗಿ, ಪೈಥಾನಿನ ಜೊತೆಯಲ್ಲಿಯೇ ೨೦೦೬ರಿಂದ ಬರುತ್ತಿರುವ ಡಬ್ಲ್ಯುಎಸ್‌ಜಿಐ ರೆಫ್ ಎಂಬ ಸಣ್ಣ ಸರ್ವರಿನ ಹಿಂದೆ ಒಂದೇ ಫಂಕ್ಷನಿನ ತಾಣವನ್ನು ನಿಲ್ಲಿಸಲಿ. ಮೂರನೆಯದಾಗಿ, ಅದಕ್ಕೆ ದಾರಿಗಳನ್ನು ಹಂಚುವ ಕೋಷ್ಟಕ, ಟೆಂಪ್ಲೇಟನ್ನು ತುಂಬುವ ಫಂಕ್ಷನ್, ಕುಕೀಯನ್ನು ಓದುವ ಮಧ್ಯವರ್ತಿ ಇವುಗಳನ್ನು ಒಂದೊಂದಾಗಿ ತಾನೇ ಸೇರಿಸಲಿ. ಆಗ ಅವನ ಕೈಯಲ್ಲಿ ಒಂದು ಒರಟಾದ, ಯಾರೂ ಬಳಸಬಾರದ ಫ್ರೇಮ್‌ವರ್ಕ್ ಇರುತ್ತದೆ. ಅದರ ಬೆಲೆ ಬಳಕೆಯಲ್ಲಿಲ್ಲ. ಅನಂತರ ಜ್ಯಾಂಗೊವಿನ ಕಡತವನ್ನು ತೆರೆದರೆ, ತಾನು ಹತ್ತು ಸಾಲಿನಲ್ಲಿ ಮುಗಿಸಿದ ಕೆಲಸಕ್ಕೆ ಅಲ್ಲಿ ನೂರು ಸಾಲು ಏಕೆ ಬೇಕಾಯಿತೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಉಳಿದ ತೊಂಬತ್ತು ಸಾಲುಗಳಲ್ಲಿ ಇತರರ ಅನುಭವ, ಇತರರು ತಿಂದ ಪೆಟ್ಟು ಅಡಗಿರುವುದು ತಿಳಿಯುತ್ತದೆ.

ಹಾಗೆಂದಮಾತ್ರಕ್ಕೆ ಚೌಕಟ್ಟುಗಳನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಅವುಗಳಿಲ್ಲದ ಕಾಲದಲ್ಲಿ ಜನ ಅನುಭವಿಸಿದ ಕಷ್ಟವನ್ನು ಮೇಲೆ ಕಂಡಿದ್ದೇವೆ. ಪ್ರತಿಯೊಬ್ಬನೂ ಎಲ್ಲ ಪದರಗಳನ್ನೂ ಕಡೆಯವರೆಗೆ ಅಗೆಯಬೇಕೆಂಬುದೂ ಅಸಾಧ್ಯವಾದ ಮಾತು. ಫ್ರೇಮ್‌ವರ್ಕಿನ ಕೆಳಗೆ ಸರ್ವರ್, ಅದರ ಕೆಳಗೆ ಆಪರೇಟಿಂಗ್ ಸಿಸ್ಟಂ, ಅದರ ಕೆಳಗೆ ಯಂತ್ರ ಎಂದು ಈ ಅಗೆತಕ್ಕೆ ತಳವೇ ಸಿಗದು. ತಾನು ನಿಂತ ಪದರಕ್ಕಿಂತ ಒಂದು ಪದರ ಕೆಳಗಿನದನ್ನು ಬಲ್ಲವನು ಸೌಕರ್ಯವನ್ನು ಆಳುತ್ತಾನೆ, ಅರಿಯದವನನ್ನು ಸೌಕರ್ಯ ಆಳುತ್ತದೆ ಎಂಬಿಷ್ಟು ನಿಯಮ ನಮಗೆ ಸಾಕು. ಮೊದಲಲ್ಲಿ ಹೇಳಿದ ಪ್ರಶ್ನೆಗೆ, 'ಅದನ್ನು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ' ಎಂಬ ಉತ್ತರದ ಜೊತೆಗೆ 'ಹೇಗೆ ನೋಡಿಕೊಳ್ಳುತ್ತದೆ ಎಂಬುದನ್ನು ತೋರಿಸುತ್ತೇನೆ ಬನ್ನಿ' ಎಂದು ಹೇಳಬಲ್ಲ ವಿದ್ಯಾರ್ಥಿಗಳು ನಮ್ಮ ತರಗತಿಗಳಿಂದ ಹೊರಬಿದ್ದರೆ, ಪಾಠಹೇಳಿದ್ದಕ್ಕೆ ಅಷ್ಟರಮಟ್ಟಿಗೆ ಸಾರ್ಥಕವಾಯಿತೆಂದು ನಾವು ತಿಳಿಯಬಹುದು.